ಕಾಲ್ಡರ್ ಹಾಲ್ ನಿರ್ಮಾಪಕ ಸರ್ ಕ್ರಿಸ್ಟಫರ್ ಹಿಂಟನ್

ಲೋಕದಲ್ಲಿ ಸೇನಾನಿಗಳಿಗೂ ರಾಜಕಾರಣಿಗಳಿಗೂ ಕವಿಗಳಿಗೂ ದೊರೆಯುವ ಕೀರ್ತಿ ಇಂಜಿನಿಯರರಿಗೆ ದೊರೆಯುವುದು ಅಪೂರ್ವ. ಸೇತುವೆಯ ಮೇಲೆ ನಡೆದು ಹೋಗುವವರು ಅದನ್ನು ಕಟ್ಟಿದವನ ಹೆಸರನ್ನು ಕೇಳುವುದಿಲ್ಲ. ಗುಂಡಿಯನ್ನೊತ್ತಿ ದೀಪ ಹೊತ್ತಿಸುವವರು ಆ ಬೆಳಕು ಎಲ್ಲಿಂದ ಬಂತೆಂದು ವಿಚಾರಿಸುವುದಿಲ್ಲ. ನಮ್ಮ ನಾಡಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಈ ಮಾತಿಗೆ ಅಪವಾದ. ಇಂಗ್ಲೆಂಡಿನಲ್ಲಿ ಅಂಥ ಅಪವಾದವೆನಿಸಿಕೊಂಡವರಲ್ಲಿ ಸರ್ ಕ್ರಿಸ್ಟಫರ್ ಹಿಂಟನ್ನರು ಒಬ್ಬರು. ಪರಮಾಣುವಿನ ಶಾಖದಿಂದ ದೊಡ್ಡ ಪ್ರಮಾಣದಲ್ಲಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಿದ ಜಗತ್ತಿನ ಮೊದಲ ಸ್ಥಾವರವಾದ ಕಾಲ್ಡರ್ ಹಾಲ್ ಅವರ ಮುಂದಾಳುತನದಲ್ಲಿ ಎದ್ದು ನಿಂತಿತು. ಅವರು ಕಾಲವಾಗಿ ನಾಲ್ಕು ದಶಕಗಳು ಕಳೆದಿವೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿರುವವನು. ಅಂಥವನು ಪರಮಾಣು ಇಂಜಿನಿಯರೊಬ್ಬರ ಚರಿತ್ರೆಯನ್ನು ಬರೆಯಹೊರಟಿರುವುದಕ್ಕೆ ಕಾರಣವಿದೆ. ಅರ್ಥಶಾಸ್ತ್ರದಲ್ಲಿ ಜೋಡಿ ಉತ್ಪನ್ನಗಳೆಂಬ ಒಂದು ಪಾಠ ಬರುತ್ತದೆ. ಮೊಸರನ್ನು ಕಡೆದರೆ ಬೆಣ್ಣೆಯೂ ಬರುತ್ತದೆ, ಮಜ್ಜಿಗೆಯೂ ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವ ಹಾಗಿಲ್ಲ. ಹೀಗಿರುವಾಗ ಹಸುವಿನ ಮೇವಿಗೆ ತಗುಲಿದ ಖರ್ಚಿನಲ್ಲಿ ಎಷ್ಟನ್ನು ಬೆಣ್ಣೆಯ ಲೆಕ್ಕಕ್ಕೆ ಬರೆಯಬೇಕು, ಎಷ್ಟನ್ನು ಮಜ್ಜಿಗೆಯ ಲೆಕ್ಕಕ್ಕೆ ಬರೆಯಬೇಕು? ಬೆಣ್ಣೆಗೆ ಒಳ್ಳೆಯ ಬೆಲೆ ಸಿಕ್ಕಿದ ದಿನ ಮಜ್ಜಿಗೆಯನ್ನು ನೆರೆಮನೆಯವರಿಗೆ ಪುಕ್ಕಟೆಯಾಗಿ ಕೊಡಬಹುದು. ಬೆಣ್ಣೆಯನ್ನು ಕೊಳ್ಳುವವರೇ ಇಲ್ಲದಿದ್ದರೆ ಮೇವಿನ ಖರ್ಚನ್ನೆಲ್ಲ ಮಜ್ಜಿಗೆಯೇ ಹೊರಬೇಕು. ಕಾಲ್ಡರ್ ಹಾಲ್ ಇಂಥದೊಂದು ಕಡೆಗೋಲಾಗಿತ್ತು. ಅಲ್ಲಿ ಬಂದ ಬೆಣ್ಣೆ ಪರಮಾಣು ಬಾಂಬಿಗೆ ಬೇಕಾದ ಪ್ಲುಟೋನಿಯಂ, ಮಜ್ಜಿಗೆ ವಿದ್ಯುಚ್ಛಕ್ತಿ. ಈ ಜೋಡಿಯನ್ನು ಕಟ್ಟಿದವರೇ ಮುಂದೆ ಅದರ ಲೆಕ್ಕವನ್ನು ಲೋಕದೆದುರು ಬಿಚ್ಚಿಟ್ಟರು. ಈ ಒಂದು ಗುಣವೇ ಹಿಂಟನ್ನರ ಜೀವನದ ಕಡೆಗೆ ನನ್ನನ್ನು ಸೆಳೆಯಿತು.

ಹಿಂಟನ್ನರು 1901ನೆಯ ಇಸವಿ ಮೇ 12ರಂದು ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಟಿಸ್‌ಬರಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶಾಲಾ ಉಪಾಧ್ಯಾಯರು. ಮೇಷ್ಟರ ಮನೆಯೆಂದರೆ ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ: ಅಲ್ಲಿ ಪುಸ್ತಕಗಳಿಗೆ ಬಡತನವಿಲ್ಲ, ಹಣಕ್ಕೆ ಸಿರಿತನವಿಲ್ಲ. ಚಿಪ್ಪನ್‌ಹ್ಯಾಮ್ ಎಂಬ ಊರಿನಲ್ಲಿ ಹುಡುಗನ ವಿದ್ಯಾಭ್ಯಾಸ ನಡೆಯಿತು. ಹದಿನಾರು ವರ್ಷ ತುಂಬಿದಾಗ ಶಾಲೆಯನ್ನು ಬಿಟ್ಟು, ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪೆನಿಯವರು ಸ್ವಿಂಡನ್ ನಗರದಲ್ಲಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದರು. ಆಗ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಹಗಲೆಲ್ಲ ಎಣ್ಣೆ ಮಸಿಗಳ ನಡುವೆ ದುಡಿತ. ಸಂಜೆಯ ತರಗತಿಗಳಲ್ಲಿ ಓದು. ಹೀಗೆ ವರ್ಷಗಳು ಉರುಳಿದುವು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯಾಂತ್ರಿಕ ಇಂಜಿನಿಯರರ ಸಂಸ್ಥೆಯ ವಿದ್ಯಾರ್ಥಿವೇತನವೊಂದು ಅವರಿಗೆ ದೊರೆಯಿತು. ಅದರ ಬಲದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಟ್ರಿನಿಟಿ ಕಾಲೇಜನ್ನು ಸೇರಿ, ಯಂತ್ರಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಸುತ್ತಿಗೆ ಹಿಡಿದು ಬಲ್ಲ ಕೈಗೆ ಶಾಸ್ತ್ರದ ಬಲವೂ ಕೂಡಿದಂತಾಯಿತು.

1926ರಲ್ಲಿ ಅವರು ಬ್ರನ್ನರ್ ಮಾಂಡ್ ಎಂಬ ರಾಸಾಯನಿಕ ಕಂಪೆನಿಯನ್ನು ಸೇರಿದರು. ಆ ಕಂಪೆನಿ ಅದೇ ವರ್ಷ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ದೊಡ್ಡ ಸಂಸ್ಥೆಯಲ್ಲಿ ಲೀನವಾಯಿತು. ಇಪ್ಪತ್ತೊಂಬತ್ತನೆಯ ವಯಸ್ಸಿಗೇ ಹಿಂಟನ್ನರು ಅದರ ಕ್ಷಾರ ವಿಭಾಗಕ್ಕೆ ಮುಖ್ಯ ಇಂಜಿನಿಯರರಾದರು. 1931ರಲ್ಲಿ ಲಿಲಿಯನ್ ಬಾಯರ್ ಎಂಬಾಕೆಯನ್ನು ವಿವಾಹವಾದರು. ಈ ದಂಪತಿಗಳಿಗೆ ಒಬ್ಬಳೇ ಮಗಳು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಸರ್ಕಾರ ಅವರನ್ನು ಯುದ್ಧಸಾಮಗ್ರಿಯ ಇಲಾಖೆಗೆ ಎರವಲು ತೆಗೆದುಕೊಂಡಿತು. ಫಿರಂಗಿಯ ಗುಂಡುಗಳಿಗೂ ಬಾಂಬುಗಳಿಗೂ ಸಿಡಿಮದ್ದನ್ನು ತುಂಬುವ ಕಾರ್ಖಾನೆಗಳ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಒಂದು ಕಿಡಿ ಹಾರಿದರೆ ಇಡೀ ಕಟ್ಟಡವೇ ಹಾರಿಹೋಗುವ ಕೆಲಸವದು. ಅಪಾಯದ ವಸ್ತುವನ್ನು ಶಿಸ್ತಿನಿಂದ ಆಳಬೇಕೆಂಬ ಪಾಠವನ್ನು ಅವರು ಇಲ್ಲಿ ಚೆನ್ನಾಗಿ ಮನಗಂಡಿರಬೇಕು.

ಯುದ್ಧ ಮುಗಿಯಿತು. ಹಿರೋಶಿಮಾ ನಾಗಸಾಕಿಗಳ ಬೂದಿಯ ಜೊತೆಗೆ ಹೊಸದೊಂದು ಯುಗವೂ ಆರಂಭವಾಯಿತು. 1946ರಲ್ಲಿ ಬ್ರಿಟಿಷ್ ಸರ್ಕಾರ ಪರಮಾಣು ದ್ರವ್ಯಗಳ ಉತ್ಪಾದನೆಯ ಹೊಣೆಯನ್ನು ಹಿಂಟನ್ನರಿಗೆ ವಹಿಸಿತು. ಲ್ಯಾಂಕಷೈರಿನ ರಿಸ್ಲಿ ಎಂಬಲ್ಲಿ ಯುದ್ಧಕಾಲದ ಮದ್ದಿನ ಕಾರ್ಖಾನೆಯೊಂದು ಖಾಲಿ ಬಿದ್ದಿತ್ತು. ಅದೇ ಅವರ ಕಚೇರಿಯಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕ ದೇಶ ತನ್ನ ಪರಮಾಣು ರಹಸ್ಯಗಳನ್ನು ಯಾರೊಡನೆಯೂ ಹಂಚಿಕೊಳ್ಳದಂತೆ ಶಾಸನ ಮಾಡಿತು. ಯುದ್ಧದಲ್ಲಿ ಜೊತೆಗೂಡಿ ದುಡಿದ ಬ್ರಿಟನ್ನಿಗೂ ಬಾಗಿಲು ಮುಚ್ಚಿತು. 1947ರ ಜನವರಿಯಲ್ಲಿ ಬ್ರಿಟಿಷ್ ಮಂತ್ರಿಮಂಡಲದ ಒಂದು ಸಣ್ಣ ಸಮಿತಿ ಗುಟ್ಟಾಗಿ ಸೇರಿ, ಸ್ವಂತ ಬಾಂಬನ್ನು ತಯಾರಿಸುವುದೆಂದು ತೀರ್ಮಾನಿಸಿತು. ಪಾರ್ಲಿಮೆಂಟಿಗೆ ಈ ಸಂಗತಿ ತಿಳಿದದ್ದು 1948ರ ಮೇ ತಿಂಗಳಲ್ಲಿ. ಹೀಗೆ ಒಂದು ರಾಷ್ಟ್ರದ ಅತ್ಯಂತ ಗಂಭೀರವಾದ ನಿರ್ಧಾರ ಪ್ರಜೆಗಳಿಗೂ ಪ್ರತಿನಿಧಿಗಳಿಗೂ ಕಾಣದಂತೆ ಆಗಿಹೋಯಿತು. ಹಿಂಟನ್ನರು ಆ ನಿರ್ಧಾರವನ್ನು ಮಾಡಿದವರಲ್ಲ; ಆದರೆ ಅದನ್ನು ಕಾರ್ಯರೂಪಕ್ಕೆ ತಂದವರು. ಈ ಮಾತನ್ನು ಮರೆಮಾಚಿ ಅವರನ್ನು ಹೊಗಳುವುದು ಸತ್ಯಕ್ಕೂ ಸಲ್ಲದು, ಅವರಿಗೂ ಸಲ್ಲದು.

ಇಲ್ಲಿ ಸ್ವಲ್ಪ ವಿಜ್ಞಾನವನ್ನು ಹೇಳದೆ ಗತ್ಯಂತರವಿಲ್ಲ. ಗಣಿಯಿಂದ ಬರುವ ಯುರೇನಿಯಂ ಧಾತುವಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪರಮಾಣುಗಳಿವೆ. ಸಾವಿರಕ್ಕೆ 7ರಷ್ಟು ಮಾತ್ರ ಯುರೇನಿಯಂ 235. ಉಳಿದುದೆಲ್ಲ ಯುರೇನಿಯಂ 238. ನ್ಯೂಟ್ರಾನ್ ಎಂಬ ಕಣ ತಾಗಿದಾಗ 235 ಸೀಳಿ ಹೋಗುತ್ತದೆ. ಆ ಸೀಳಿನಿಂದ ಶಾಖ ಹುಟ್ಟುತ್ತದೆ. ಜೊತೆಗೆ ಇನ್ನೆರಡು ಮೂರು ನ್ಯೂಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಒಂದು ಮತ್ತೊಂದು 235ನ್ನು ಸೀಳಿದರೆ ಉರಿ ಆರದೆ ಮುಂದುವರಿಯುತ್ತದೆ. ಇನ್ನು ಕೆಲವನ್ನು 238 ನುಂಗುತ್ತದೆ. ಹಾಗೆ ನುಂಗಿದ ಪರಮಾಣು ಕೆಲವು ದಿನಗಳಲ್ಲಿ ರೂಪಾಂತರ ಹೊಂದಿ ಪ್ಲುಟೋನಿಯಂ 239 ಆಗುತ್ತದೆ. ಅದೇ ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ದ್ರವ್ಯ. ಆದ್ದರಿಂದ ಯುರೇನಿಯಂ ಉರಿಯುವ ಕುಲುಮೆಯಲ್ಲಿ, ಅಂದರೆ ರಿಯಾಕ್ಟರಿನಲ್ಲಿ, ಶಾಖವೂ ಪ್ಲುಟೋನಿಯಮ್ಮೂ ಅವಳಿ ಮಕ್ಕಳಂತೆ ಒಟ್ಟಿಗೇ ಹುಟ್ಟುತ್ತವೆ. ಒಂದು ಮೆಗಾವಾಟ್ ಶಾಖ ಒಂದು ದಿನ ಉರಿದರೆ ಸುಮಾರು ಒಂದು ಗ್ರಾಂ ಪ್ಲುಟೋನಿಯಂ ಬರುತ್ತದೆಂಬುದು ಈ ಬಗೆಯ ಕುಲುಮೆಗಳಿಗೆ ತಜ್ಞರು ಹಾಕುವ ಸ್ಥೂಲವಾದ ಲೆಕ್ಕ.

ಹಿಂಟನ್ನರು ಮೊದಲು ಕಟ್ಟಿದ್ದು ಬಾಂಬಿಗಾಗಿಯೇ ಮೀಸಲಾದ ಕುಲುಮೆಗಳನ್ನು. ಕುಲುಮೆಯ ಶಾಖವನ್ನು ತೆಗೆಯಲು ಅಮೆರಿಕದವರಂತೆ ನೀರನ್ನು ಹರಿಸಿದರೆ, ನೀರು ನಿಂತುಹೋದ ಸಮಯದಲ್ಲಿ ಉರಿ ಹತೋಟಿ ಮೀರುವ ಭಯವಿತ್ತು. ಜನವಸತಿಯಿಂದ ಅಷ್ಟು ದೂರವಾದ ಸ್ಥಳ ಇಂಗ್ಲೆಂಡಿನಂಥ ಸಣ್ಣ ದೇಶದಲ್ಲಿ ಸುಲಭವಾಗಿ ಸಿಕ್ಕುವಂತಿರಲಿಲ್ಲ. ಆದುದರಿಂದ ಗಾಳಿಯನ್ನು ಊದಿ ತಂಪುಮಾಡುವ ವಿಧಾನವನ್ನು ಆರಿಸಿಕೊಂಡರು. ಕಂಬರ್ಲೆಂಡಿನ ಸಮುದ್ರತೀರದಲ್ಲಿ ವಿಂಡ್‌ಸ್ಕೇಲ್ ಎಂಬ ಹೆಸರಿನಿಂದ ಎರಡು ಕುಲುಮೆಗಳೆದ್ದುವು. ಒಂದೊಂದರಲ್ಲಿ ಸುಮಾರು 2,000 ಟನ್ನು ಗ್ರಾಫೈಟ್ ಇಟ್ಟಿಗೆಗಳು. ಬಿಸಿಗಾಳಿಯನ್ನು ಹೊರಹಾಕಲು 400 ಅಡಿಗಳಿಗೂ ಮೀರಿದ ಹೊಗೆಗೊಳವಿ. ಮೊದಲನೆಯದು 1950ರ ಅಕ್ಟೋಬರಿನಲ್ಲಿಯೂ ಎರಡನೆಯದು 1951ರಲ್ಲಿಯೂ ಹೊತ್ತಿಕೊಂಡುವು. ಜೊತೆಜೊತೆಗೆ ಯುರೇನಿಯಮ್ಮನ್ನು ಶುದ್ಧಮಾಡುವ ಸ್ಪ್ರಿಂಗ್‌ಫೀಲ್ಡ್ಸ್ ಕಾರ್ಖಾನೆ, 235ನ್ನು ಬೇರ್ಪಡಿಸುವ ಕೇಪನ್‌ಹರ್ಸ್ಟ್ ಕಾರ್ಖಾನೆ, ಪ್ಲುಟೋನಿಯಮ್ಮನ್ನು ಬಸಿದು ತೆಗೆಯುವ ರಾಸಾಯನಿಕ ಕಾರ್ಖಾನೆ ಇವೆಲ್ಲವೂ ತಲೆಯೆತ್ತಿದುವು. ಗೊತ್ತುಮಾಡಿದ ಕಾಲಕ್ಕೆ ಪ್ಲುಟೋನಿಯಂ ಕೈಸೇರಿತು. 1952ರ ಅಕ್ಟೋಬರ್ 3ರಂದು ಆಸ್ಟ್ರೇಲಿಯದ ಮಾಂಟೆ ಬೆಲ್ಲೊ ದ್ವೀಪಗಳಲ್ಲಿ ಬ್ರಿಟನ್ನಿನ ಮೊದಲ ಬಾಂಬು ಸಿಡಿಯಿತು. ಇದಕ್ಕೆ ಮೊದಲೇ, 1951ರಲ್ಲಿ, ಹಿಂಟನ್ನರಿಗೆ ಸರ್ ಪದವಿ ದೊರೆತಿತ್ತು.

ಈ ನಿರ್ಮಾಣದ ಕಾಲದ ಒಂದು ಪ್ರಸಂಗ ಸ್ಮರಣೀಯವಾಗಿದೆ. ಹೊಗೆಗೊಳವಿಗಳು ಮೇಲೇಳುತ್ತಿದ್ದಾಗ, ಸುಪ್ರಸಿದ್ಧ ಭೌತವಿಜ್ಞಾನಿ ಸರ್ ಜಾನ್ ಕಾಕ್‌ಕ್ರಾಫ್ಟರು ಹೊರಹೋಗುವ ಗಾಳಿಯನ್ನು ಸೋಸಲು ಸೋಸುಗಗಳನ್ನಿಡಬೇಕೆಂದು ಹಠ ಹಿಡಿದರು. ಬುಡವನ್ನು ಕಟ್ಟಿ ಆಗಿತ್ತು. ಆದುದರಿಂದ ನೂರಾರು ಟನ್ನು ಭಾರದ ಸೋಸುಗಗಳ ಕೋಣೆಯನ್ನು ಗೊಳವಿಯ ತುದಿಯಲ್ಲಿಯೇ ಕಟ್ಟಬೇಕಾಯಿತು. ಇಂಜಿನಿಯರರು ಗೊಣಗಿದರು; ನೋಡಿದವರು ಅದನ್ನು ಕಾಕ್‌ಕ್ರಾಫ್ಟರ ಹುಚ್ಚೆಂದು ಕರೆದರು. ಆದರೂ ರಿಸ್ಲಿಯವರು ಅದನ್ನು ಕಟ್ಟಿಯೇ ಕಟ್ಟಿದರು. ಆ ಹುಚ್ಚಿನ ಬೆಲೆ ಏನೆಂಬುದು ಮುಂದೆ ತಿಳಿಯಲಿದೆ.

ವಿಂಡ್‌ಸ್ಕೇಲಿನ ಒಂದೊಂದು ಕುಲುಮೆಯಿಂದಲೂ ಸುಮಾರು 180 ಮೆಗಾವಾಟ್ ಶಾಖ ಹೊರಡುತ್ತಿತ್ತು. ಅದಷ್ಟೂ ಗೊಳವಿಯ ಮೂಲಕ ಆಕಾಶಕ್ಕೆ ಹೋಗುತ್ತಿತ್ತು. ಕಲ್ಲಿದ್ದಲಿಗೆ ಪರದಾಡುತ್ತಿದ್ದ ಬಡ ಇಂಗ್ಲೆಂಡಿನಲ್ಲಿ ಇದನ್ನು ನೋಡಿ ಯಾವ ಇಂಜಿನಿಯರನ ಮನಸ್ಸು ತಾನೆ ಮರುಗದೆ ಇದ್ದೀತು? ಗಾಳಿಯ ಬದಲು ಅಂಗಾರಾಮ್ಲವಾಯುವನ್ನು ಒತ್ತಡದಲ್ಲಿ ಹರಿಸಿ, ಅದು ಹೊತ್ತು ತಂದ ಶಾಖದಿಂದ ನೀರನ್ನು ಉಗಿಮಾಡಿ, ಉಗಿಯಿಂದ ಟರ್ಬೈನ್ ಚಕ್ರಗಳನ್ನು ತಿರುಗಿಸಬಹುದೆಂದು ಹಾರ್ವೆಲ್ ಸಂಶೋಧನಾಲಯದವರು ಲೆಕ್ಕ ಹಾಕಿದರು. ಆದರೆ ಅಷ್ಟರಿಂದಲೇ ಹಣ ಮಂಜೂರಾಗಲಿಲ್ಲ. 1952ರಲ್ಲಿ ಸೇನಾಧಿಪತಿಗಳು ಇನ್ನೂ ಹೆಚ್ಚು ಪ್ಲುಟೋನಿಯಂ ಬೇಕೆಂದು ಕೇಳಿದರು. ಆಗ ಎರಡು ಬೇಡಿಕೆಗಳೂ ಒಂದಾದುವು. ಪ್ಲುಟೋನಿಯಮ್ಮಿಗಾಗಿ ಹೇಗೂ ಕುಲುಮೆಯನ್ನು ಕಟ್ಟಲೇಬೇಕು. ಕಟ್ಟುವುದಾದರೆ ವಿದ್ಯುತ್ತನ್ನೂ ಕೊಡುವಂಥದನ್ನು ಏಕೆ ಕಟ್ಟಬಾರದು? ಕಾಲ್ಡರ್ ಹಾಲ್ ಹುಟ್ಟಿದ್ದು ಹೀಗೆ. ಅದರ ಬಸಿರಿನಲ್ಲಿ ಖಡ್ಗ ಮೊದಲು, ದೀಪ ಅನಂತರ ಎಂಬುದನ್ನು ನಾವು ನೆನಪಿಡಬೇಕು.

ವಿಂಡ್‌ಸ್ಕೇಲಿನ ಪಕ್ಕದಲ್ಲಿಯೇ, ಕಾಲ್ಡರ್ ಎಂಬ ಸಣ್ಣ ಹೊಳೆಯ ಆಚೆ ದಡದಲ್ಲಿ, 1953ರ ಆಗಸ್ಟಿನಲ್ಲಿ ಕೆಲಸ ಆರಂಭವಾಯಿತು. 2 ಅಂಗುಲ ದಪ್ಪದ ಉಕ್ಕಿನ ತಗಡುಗಳನ್ನು ಬೆಸೆದು 37 ಅಡಿ ವ್ಯಾಸದ ಹಂಡೆಯನ್ನು ಮಾಡಿದರು. ಅದರೊಳಗೆ 1,000 ಟನ್ನಿಗೂ ಹೆಚ್ಚು ಗ್ರಾಫೈಟಿನ ಇಟ್ಟಿಗೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಜೋಡಿಸಿದರು. ಆ ಗ್ರಾಫೈಟಿನಲ್ಲಿ 1,696 ಕೊಳವೆದಾರಿಗಳು; ಅವುಗಳಲ್ಲಿ ಸುಮಾರು 10,000 ಯುರೇನಿಯಂ ಕಡ್ಡಿಗಳು. ಪ್ರತಿಯೊಂದು ಕಡ್ಡಿಗೂ ಮ್ಯಾಗ್ನಾಕ್ಸ್ ಎಂಬ ಮೆಗ್ನೀಸಿಯಂ ಮಿಶ್ರಲೋಹದ ಅಂಗಿ. ಇಂಥ ಹಂಡೆಗಳು ಒಟ್ಟು ನಾಲ್ಕು. ಹಿಂದೆ ಯಾರೂ ಮಾಡದ ಕೆಲಸವನ್ನು, ಕೆಟ್ಟರೆ ಒಳಗೆ ಹೋಗಿ ರಿಪೇರಿ ಮಾಡಲಾಗದ ಕೆಲಸವನ್ನು, ಮೂರು ವರ್ಷಗಳೊಳಗೆ ಮುಗಿಸಿದರೆಂದರೆ ಆ ತಂಡದ ಶಿಸ್ತನ್ನು ಊಹಿಸಿಕೊಳ್ಳಬಹುದು. ಹಿಂಟನ್ನರು ಎತ್ತರದ ಆಳು, ಮಾತಿನಲ್ಲಿ ನಿಷ್ಠುರರು. ಅಳತೆಯಲ್ಲಿ ಅಜಾಗರೂಕತೆಯನ್ನು ಅವರು ಸಹಿಸುತ್ತಿರಲಿಲ್ಲವೆಂದೂ, ಒಪ್ಪಿಕೊಂಡ ದಿನಾಂಕವನ್ನು ಮೀರುವುದು ಅವರಿಗೆ ಅಪಮಾನವಾಗಿ ತೋರುತ್ತಿತ್ತೆಂದೂ ಪ್ರತೀತಿ.

1956ರ ಮೇ ತಿಂಗಳಲ್ಲಿ ಮೊದಲನೆಯ ಕುಲುಮೆ ಹೊತ್ತಿಕೊಂಡಿತು. ಆಗಸ್ಟ್ 27ರಂದು ಅದರ ವಿದ್ಯುತ್ತು ದೇಶದ ತಂತಿಜಾಲವನ್ನು ಸೇರಿತು. ಅಕ್ಟೋಬರ್ 17ರಂದು ಎಲಿಜಬೆತ್ ರಾಣಿಯವರು ಸ್ಥಾವರವನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ರಷ್ಯದ ಒಬ್‌ನಿನ್ಸ್ಕ್ ಎಂಬಲ್ಲಿ 1954ರಲ್ಲಿಯೇ 5 ಮೆಗಾವಾಟಿನ ಸಣ್ಣ ಸ್ಥಾವರವೊಂದು ಕೆಲಸಮಾಡಿತ್ತು. ಆದರೆ ಊರುಗಳಿಗೂ ಕಾರ್ಖಾನೆಗಳಿಗೂ ಸಾಕಾಗುವಷ್ಟು ವಿದ್ಯುತ್ತನ್ನು ಪರಮಾಣುವಿನಿಂದ ಪಡೆದದ್ದು ಇದೇ ಮೊದಲು. ಆ ದಿನ ಜಗತ್ತಿನ ಪತ್ರಿಕೆಗಳಲ್ಲಿ ಶಾಂತಿಯ ಪರಮಾಣುವಿನ ಗುಣಗಾನವೇ ಗುಣಗಾನ. ಪ್ಲುಟೋನಿಯಮ್ಮಿನ ಸಂಗತಿ ಪೂರ್ತಿ ಗುಟ್ಟಾಗಿರಲಿಲ್ಲ. ಆದರೆ ಮದುವೆಯ ಮನೆಯಲ್ಲಿ ಸಾಲದ ಮಾತನ್ನು ಹಿಂದಿಡುವಂತೆ ಅದನ್ನು ಹಿಂದಿಟ್ಟಿದ್ದರು.

ಈ ಸಾಲದ ಸ್ವರೂಪವನ್ನು ಸ್ವಲ್ಪ ನೋಡೋಣ. ಕಾಲ್ಡರ್ ಹಾಲ್‌ನ ಒಂದು ಕುಲುಮೆಯ ಶಾಖವೂ ಸುಮಾರು 180 ಮೆಗಾವಾಟ್. ಮೇಲೆ ಹೇಳಿದ ಲೆಕ್ಕದಂತೆ ಅದರಲ್ಲಿ ದಿನಕ್ಕೆ ಸುಮಾರು 180 ಗ್ರಾಂ ಪ್ಲುಟೋನಿಯಂ ಕೂಡುತ್ತದೆ. ನಾಗಸಾಕಿಯ ಬಾಂಬಿನಲ್ಲಿದ್ದುದು ಸುಮಾರು 6 ಕಿಲೋಗ್ರಾಂ. ಅಂದರೆ ಒಂದು ಊರಿಗೆ ಒಂದು ತಿಂಗಳು ದೀಪ ಹೊತ್ತಿಸುವಷ್ಟರಲ್ಲಿ ಒಂದು ನಗರವನ್ನು ಸುಡುವಷ್ಟು ದ್ರವ್ಯ ಅದೇ ಒಲೆಯಲ್ಲಿ ಹೆಚ್ಚುಕಡಿಮೆ ಸಿದ್ಧವಾಗುತ್ತಿತ್ತು.

ಆದರೆ ಇಬ್ಬರು ಯಜಮಾನರನ್ನು ಒಂದೇ ಆಳು ಮೆಚ್ಚಿಸುವುದು ಕಷ್ಟ. ನಮ್ಮ ಆಲೆಮನೆಗಳಲ್ಲಿ ಬೆಲ್ಲ ಮಾಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಹದ ಬಂದ ಕೂಡಲೇ ಕೊಪ್ಪರಿಗೆಯನ್ನು ಇಳಿಸಬೇಕು. ತಡವಾದರೆ ಪಾಕ ಕೆಡುತ್ತದೆ. ಹಾಗೆಯೇ ಯುರೇನಿಯಂ ಕಡ್ಡಿಯನ್ನು ಕುಲುಮೆಯಲ್ಲಿ ಬಹುಕಾಲ ಬಿಟ್ಟರೆ ಪ್ಲುಟೋನಿಯಂ 239 ಮತ್ತಷ್ಟು ನ್ಯೂಟ್ರಾನುಗಳನ್ನು ನುಂಗಿ 240 ಆಗತೊಡಗುತ್ತದೆ. ಈ 240 ತಾನಾಗಿಯೇ ಸೀಳುವ ಸ್ವಭಾವದ್ದು. ಬಾಂಬಿನಲ್ಲಿ ಅದು ಹೆಚ್ಚಾದರೆ ಅಕಾಲದಲ್ಲಿ ಕಿಡಿ ಹೊತ್ತಿ ಸ್ಫೋಟ ಕುಂದುತ್ತದೆ. ಆದುದರಿಂದ ಬಾಂಬಿನವರಿಗೆ ಕಡ್ಡಿಗಳನ್ನು ಕೆಲವೇ ತಿಂಗಳಲ್ಲಿ ಹೊರತೆಗೆಯಬೇಕು. ವಿದ್ಯುತ್ತಿನವರಿಗಾದರೋ ಅದೇ ಕಡ್ಡಿ ವರ್ಷಗಟ್ಟಲೆ ಉರಿದರೆ ಲಾಭ. ಅರೆಬೆಂದ ಸೌದೆಯನ್ನು ಒಲೆಯಿಂದ ಎಳೆದು ಹಾಕುವುದು ಯಾವ ಗೃಹಿಣಿಗೆ ಇಷ್ಟ? ಅದೂ ಅಲ್ಲದೆ ಕಾಲ್ಡರ್ ಹಾಲ್‌ನಲ್ಲಿ ಕಡ್ಡಿಗಳನ್ನು ಬದಲಿಸಬೇಕಾದರೆ ಕುಲುಮೆಯನ್ನು ನಿಲ್ಲಿಸಬೇಕಾಗಿತ್ತು. ಹೀಗೆ ಸೇನೆಯ ಹದಕ್ಕೆ ನಡೆದಷ್ಟು ದಿನವೂ ವಿದ್ಯುತ್ತು ಎರಡನೆಯ ಸ್ಥಾನದಲ್ಲಿಯೇ ಇತ್ತು. 1964ರಿಂದೀಚೆಗೆ ಮಾತ್ರ ಅಲ್ಲಿ ಮುಖ್ಯವಾಗಿ ವಿದ್ಯುತ್ತಿನ ಹದವನ್ನು ಅನುಸರಿಸಿದರು.

ಇನ್ನು ಹಣದ ಮಾತು. 1955ರಲ್ಲಿ ಬ್ರಿಟಿಷ್ ಸರ್ಕಾರ ಹತ್ತು ವರ್ಷಗಳಲ್ಲಿ 12 ಪರಮಾಣು ವಿದ್ಯುತ್ ಸ್ಥಾವರಗಳನ್ನು ಸುಮಾರು 30 ಕೋಟಿ ಪೌಂಡುಗಳ ವೆಚ್ಚದಲ್ಲಿ ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ಈ ವಿದ್ಯುತ್ತಿನ ಬೆಲೆ ಒಂದು ಯೂನಿಟ್ಟಿಗೆ ಒಂದು ಪೆನ್ನಿಯ ಹತ್ತರಲ್ಲಿ ಆರು ಪಾಲಿನಷ್ಟಾಗುವುದೆಂದೂ, ಕಲ್ಲಿದ್ದಲಿನ ವಿದ್ಯುತ್ತಿಗೆ ಇದು ಸರಿಸಮವೆಂದೂ ಅದರಲ್ಲಿ ತೋರಿಸಲಾಗಿತ್ತು. ಈ ಸಮತೆ ಬಂದದ್ದು ಹೇಗೆ? ಉರಿದ ಕಡ್ಡಿಗಳಲ್ಲಿರುವ ಪ್ಲುಟೋನಿಯಮ್ಮಿಗೆ ಒಳ್ಳೆಯ ಬೆಲೆಯನ್ನು ಕಟ್ಟಿ, ಅದನ್ನು ವಿದ್ಯುತ್ತಿನ ಖರ್ಚಿನಲ್ಲಿ ಕಳೆದಿದ್ದರು. ಬೆಣ್ಣೆಯ ಬೆಲೆ ಗಟ್ಟಿಯಾಗಿದ್ದುದರಿಂದ ಮಜ್ಜಿಗೆ ಅಗ್ಗವಾಗಿ ಕಂಡಿತು. 1956ರ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಲ್ಲಿ ಎಣ್ಣೆ ನಿಂತುಹೋದೀತೆಂಬ ಭೀತಿ ಹುಟ್ಟಿದ್ದೇ ತಡ, 1957ರ ಮಾರ್ಚಿನಲ್ಲಿ ಯೋಜನೆಯನ್ನು ಮೂರು ಪಟ್ಟು ಹಿಗ್ಗಿಸಿದರು. ಇಷ್ಟು ಅವಸರ ಸಲ್ಲದೆಂಬುದು ಹಿಂಟನ್ನರ ಅಭಿಪ್ರಾಯವಾಗಿತ್ತು.

ಅದೇ 1957ರಲ್ಲಿ ಅವರ ಜೀವನದ ದಾರಿ ತಿರುಗಿತು. ಇಂಗ್ಲೆಂಡಿನ ವಿದ್ಯುತ್ತನ್ನೆಲ್ಲ ಉತ್ಪಾದಿಸುವ ಕೇಂದ್ರ ವಿದ್ಯುದುತ್ಪಾದನ ಮಂಡಲಿಗೆ ಅವರು ಮೊದಲನೆಯ ಅಧ್ಯಕ್ಷರಾಗಿ ನೇಮಕವಾದರು. ಅವರು ಹಳೆಯ ಕೆಲಸವನ್ನು ಬಿಟ್ಟ ಸ್ವಲ್ಪ ಸಮಯದಲ್ಲಿಯೇ, ಅಕ್ಟೋಬರ್ 10ರಂದು, ವಿಂಡ್‌ಸ್ಕೇಲಿನ ಒಂದನೆಯ ಕುಲುಮೆಗೆ ಬೆಂಕಿ ಹೊತ್ತಿಕೊಂಡಿತು. ಗ್ರಾಫೈಟಿನಲ್ಲಿ ಸೇರಿಕೊಂಡಿದ್ದ ಶಕ್ತಿಯನ್ನು ಹೊರಬಿಡಲು ಅದನ್ನು ಬಿಸಿಮಾಡುತ್ತಿದ್ದಾಗ ಈ ದುರಂತ ಸಂಭವಿಸಿತು. ಬಾಂಬಿನ ದ್ರವ್ಯಗಳಿಗಾಗಿ ಬಂದ ಅವಸರ ಆ ಹಳೆಯ ಕುಲುಮೆಯ ಮೇಲೆ ಮಿತಿಮೀರಿದ ಭಾರವನ್ನು ಹೊರಿಸಿತ್ತು. ಕೆಲಸಗಾರರು ಪ್ರಾಣದ ಹಂಗು ತೊರೆದು ಹೋರಾಡಿ, ಮರುದಿನ ನೀರು ಹಾಯಿಸಿ ಗಾಳಿಯನ್ನು ನಿಲ್ಲಿಸಿ ಬೆಂಕಿಯನ್ನು ಆರಿಸಿದರು. ಸುತ್ತಣ ಸುಮಾರು 200 ಚದರ ಮೈಲಿಗಳ ಹಸುಗಳ ಹಾಲನ್ನು ವಾರಗಟ್ಟಲೆ ಚೆಲ್ಲಬೇಕಾಯಿತು. ಹುಚ್ಚೆಂದು ಹಾಸ್ಯಮಾಡಿದ ಸೋಸುಗಗಳೇ ವಿಷದ ದೊಡ್ಡ ಭಾಗವನ್ನು ತಡೆದು ಹಿಡಿದುವು. ಎರಡು ಕುಲುಮೆಗಳೂ ಮತ್ತೆ ಹೊತ್ತಲಿಲ್ಲ. ವಿಚಾರಣೆಯ ಪೂರ್ಣ ವರದಿಯನ್ನು ಸರ್ಕಾರ ಬಚ್ಚಿಟ್ಟಿತು. ಅದು ಬೆಳಕು ಕಂಡದ್ದು 1988ರಲ್ಲಿ. ವಿದ್ಯುತ್ತನ್ನು ಮಾರುವ ಕಾರ್ಖಾನೆಯಲ್ಲಿ ಅಪಘಾತವಾದರೆ ಜನ ಕಾರಣ ಕೇಳಬಹುದು. ಬಾಂಬಿನ ಕಾರ್ಖಾನೆಯಲ್ಲಿ ಅಪಘಾತವಾದರೆ ದೇಶರಕ್ಷಣೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಬಹುದು. ಎರಡೂ ಒಂದೇ ಆವರಣದಲ್ಲಿದ್ದರೆ ಯಾವ ನ್ಯಾಯ ಗೆಲ್ಲುವುದೆಂಬುದಕ್ಕೆ ಇದೇ ನಿದರ್ಶನ.

1958ರ ಜೂನಿನಲ್ಲಿ ಸರ್ಕಾರ ಇನ್ನೊಂದು ಪ್ರಕಟಣೆಯನ್ನು ಹೊರಡಿಸಿತು. ಹೊಸದಾಗಿ ಕಟ್ಟುವ ನಾಗರಿಕ ಸ್ಥಾವರಗಳಲ್ಲಿ ಕೆಲವನ್ನು, ಅಗತ್ಯ ಬಿದ್ದರೆ ಸೇನೆಗೆ ತಕ್ಕ ಪ್ಲುಟೋನಿಯಂ ದೊರೆಯುವಂತೆ ಮಾರ್ಪಡಿಸಲಾಗುವುದೆಂದು ಅದರ ತಾತ್ಪರ್ಯ. ವಿದ್ಯುತ್ತಿಗಾಗಿ ಕಟ್ಟುವ ಮನೆಗೂ ಸೇನೆಯ ಕಡೆಗೊಂದು ಹಿಂಬಾಗಿಲು ಇರಬೇಕಾಯಿತು.

ಈಗ ಹಿಂಟನ್ನರು ಅಂಗಡಿಯ ಆಚೆ ಬದಿಯಲ್ಲಿ ನಿಂತಿದ್ದರು. ಮೊದಲು ಕುಲುಮೆಗಳನ್ನು ಕಟ್ಟಿ ಕೊಡುತ್ತಿದ್ದವರು ಈಗ ಅವನ್ನು ಹಣ ಕೊಟ್ಟು ಕೊಳ್ಳುವವರಾದರು. ಕೊಳ್ಳುವವನ ಕಣ್ಣಿಗೆ ಲೆಕ್ಕ ಬೇರೆಯಾಗಿಯೇ ಕಂಡಿತು. ಕಲ್ಲಿದ್ದಲಿನ ಸ್ಥಾವರಗಳು ದೊಡ್ಡವಾಗುತ್ತ, ಅಗ್ಗವಾಗುತ್ತ ಬಂದಿದ್ದುವು. ಬಡ್ಡಿಯ ದರ ಏರಿತ್ತು. ಪರಮಾಣು ಸ್ಥಾವರದಲ್ಲಿ ಖರ್ಚಿನ ಬಹುಪಾಲು ಮೊದಲೇ ಹೂಡುವ ಬಂಡವಾಳವಾದುದರಿಂದ ಬಡ್ಡಿಯ ಪೆಟ್ಟು ಅದಕ್ಕೇ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ, ಪ್ಲುಟೋನಿಯಮ್ಮಿಗೆ ಕಟ್ಟಿದ್ದ ಬೆಲೆ ಕುಸಿದಿತ್ತು. ಬೆಣ್ಣೆಯ ಬೆಲೆ ಬಿದ್ದಾಗ ಮಜ್ಜಿಗೆಯ ನಿಜವಾದ ಬೆಲೆ ಹೊರಬಿತ್ತು. ಸದ್ಯಕ್ಕೆ ಪರಮಾಣು ವಿದ್ಯುತ್ತು ಕಲ್ಲಿದ್ದಲಿನದಕ್ಕಿಂತ ದುಬಾರಿಯೆಂದು ಹಿಂಟನ್ನರು ಸ್ಪಷ್ಟವಾಗಿ ಹೇಳಿದರು. 1961ರಲ್ಲಿ ಲೇಖನವನ್ನೂ ಬರೆದರು. ಸರ್ಕಾರ ಅಷ್ಟರೊಳಗೆ, 1960ರಲ್ಲಿ, ಯೋಜನೆಯನ್ನು ಕುಗ್ಗಿಸಿತ್ತು.

ಇದು ಸಣ್ಣ ಮಾತಲ್ಲ. ತಾನು ಕಟ್ಟಿದ ಮನೆಯನ್ನು ತಾನೇ ಹೊಗಳಿಕೊಳ್ಳುವುದು ಲೋಕರೂಢಿ. ಕಾಲ್ಡರ್ ಹಾಲ್‌ನ ಕೀರ್ತಿಯಿಂದ ಜಗತ್ಪ್ರಸಿದ್ಧರಾದವರು ಆ ಕೀರ್ತಿಯ ಮೇಲೆಯೇ ಸುಖವಾಗಿ ಕಾಲ ಕಳೆಯಬಹುದಾಗಿತ್ತು. ಹಳೆಯ ಸಹೋದ್ಯೋಗಿಗಳ ಅಸಮಾಧಾನವನ್ನು ಲೆಕ್ಕಿಸದೆ ಅವರು ಅಂಕಿಗಳ ಪಕ್ಷವನ್ನು ಹಿಡಿದರು. ಅವರು ಪರಮಾಣುಶಕ್ತಿಯ ವೈರಿಯಾಗಲಿಲ್ಲ. ಅದರ ಭವಿಷ್ಯದಲ್ಲಿ ನಂಬಿಕೆಯಿದ್ದುದರಿಂದಲೇ ಅದಕ್ಕೆ ಸುಳ್ಳು ಬೆಲೆಯ ಊರುಗೋಲು ಬೇಡವೆಂದರೆಂದು ನನ್ನ ಅಲ್ಪಮತಿಗೆ ತೋರುತ್ತದೆ.

1964ರಲ್ಲಿ ಅವರು ಮಂಡಲಿಯಿಂದ ನಿವೃತ್ತರಾದರು. ಅವರ ಕಾಲದಲ್ಲಿಯೇ, 1961ರಲ್ಲಿ, ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಸಮುದ್ರದಡಿಯಲ್ಲಿ ವಿದ್ಯುತ್ತಿನ ತಂತಿ ಹಾಕಲ್ಪಟ್ಟಿತು. 1965ರಲ್ಲಿ ಬ್ಯಾಂಕ್‌ಸೈಡಿನ ಲಾರ್ಡ್ ಹಿಂಟನ್ ಎಂಬ ಬಿರುದಿನಿಂದ ಪ್ರಭುಗಳ ಸಭೆಯನ್ನು ಸೇರಿದರು. ಬಾತ್ ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿದ್ದರು. 1976ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಪರಮ ಗೌರವವೂ, ಹೊಸದಾಗಿ ಸ್ಥಾಪಿತವಾದ ಇಂಜಿನಿಯರರ ರಾಷ್ಟ್ರೀಯ ಪರಿಷತ್ತಿನ ಮೊದಲ ಅಧ್ಯಕ್ಷತೆಯೂ ಅವರಿಗೆ ಸಂದುವು. 1983ರ ಜೂನ್ 22ರಂದು ಎಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಸ್ವಿಂಡನ್ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ ಮೇಷ್ಟರ ಮಗ ಏರಿದ ಎತ್ತರವಿದು.

ಅವರು ಕಟ್ಟಿದ ಕುಲುಮೆಗಳು ಅವರಿಗಿಂತ ಇಪ್ಪತ್ತು ವರ್ಷ ಹೆಚ್ಚು ಬಾಳಿದುವು. ಶಸ್ತ್ರಗಳಿಗಾಗಿ ಪ್ಲುಟೋನಿಯಂ ತಯಾರಿಸುವುದನ್ನು ನಿಲ್ಲಿಸಿದುದಾಗಿ 1995ರಲ್ಲಿ ಬ್ರಿಟಿಷ್ ಸರ್ಕಾರ ಘೋಷಿಸಿತು. 2003ರ ಮಾರ್ಚ್ 31ರಂದು ಕಾಲ್ಡರ್ ಹಾಲ್ ಆರಿತು. 2007ರಲ್ಲಿ ಅದರ ನಾಲ್ಕು ತಂಪುಗೋಪುರಗಳನ್ನು ಮದ್ದಿಟ್ಟು ಕೆಡವಿದರು. ಇಬ್ಬರು ಯಜಮಾನರ ಕುಲುಮೆಗಳು ಬೇರೆ ದೇಶಗಳಲ್ಲಿಯೂ ಇದ್ದುವು. ಅಮೆರಿಕದ ಹ್ಯಾನ್‌ಫರ್ಡಿನಲ್ಲಿ ಒಂದು 1987ರವರೆಗೆ ನಡೆಯಿತು. ರಷ್ಯದ ಸೈಬೀರಿಯದಲ್ಲಿ ಕಥೆ ಇನ್ನೂ ವಿಚಿತ್ರ. ಶೀತಲ ಸಮರ ಮುಗಿದು ಪ್ಲುಟೋನಿಯಂ ಯಾರಿಗೂ ಬೇಡವಾಯಿತು. ಆದರೂ ಕುಲುಮೆಗಳನ್ನು ಆರಿಸುವಂತಿರಲಿಲ್ಲ. ಏಕೆಂದರೆ ಆ ಕೊರೆಯುವ ಚಳಿಯಲ್ಲಿ ನಗರಗಳ ಮನೆಗಳಿಗೆ ಶಾಖವೂ ವಿದ್ಯುತ್ತೂ ಅವುಗಳಿಂದಲೇ ಹೋಗುತ್ತಿದ್ದುವು. ಕೊನೆಯದು ಆರಿದ್ದು 2010ರಲ್ಲಿ. ಇಂಗ್ಲೆಂಡಿನಲ್ಲಿ ಬಾಂಬಿನ ಬೆನ್ನೇರಿ ದೀಪ ಬಂದಿತ್ತು. ಸೈಬೀರಿಯದಲ್ಲಿ ದೀಪ ಬೇಕಾದ ತಪ್ಪಿಗೆ ಬಾಂಬಿನ ದ್ರವ್ಯ ಬೆಳೆಯುತ್ತಲೇ ಹೋಯಿತು. ಜೋಡಿ ಉತ್ಪನ್ನದ ಹಗ್ಗ ಎರಡು ಕಡೆಗೂ ಎಳೆಯುತ್ತದೆ.

ನಮಗೂ ಈ ಕಥೆಗೂ ಏನು ಸಂಬಂಧವೆಂದು ಕೇಳುವವರಿರಬಹುದು. ಕಾಲ್ಡರ್ ಹಾಲ್ ವಿದ್ಯುತ್ತು ಕೊಟ್ಟ ಅದೇ 1956ರ ಆಗಸ್ಟಿನಲ್ಲಿ, ಬ್ರಿಟನ್ನಿನಿಂದ ಬಂದ ಇಂಧನದಿಂದಲೇ, ಟ್ರಾಂಬೆಯಲ್ಲಿ ನಮ್ಮ ಅಪ್ಸರಾ ಹೊತ್ತಿಕೊಂಡಿತು. ಅಲ್ಲಿಯೇ ಕೆನಡದ ಸಹಾಯದಿಂದ ಕಟ್ಟಿದ ಸೈರಸ್ ಎಂಬ ಸಂಶೋಧನೆಯ ಕುಲುಮೆಯ ಪ್ಲುಟೋನಿಯಂ 1974ರ ಪೋಖ್ರಾನ್ ಸ್ಫೋಟಕ್ಕೆ ಒದಗಿತು. ಆ ಪ್ರಯೋಗದ ಮುಂದಾಳುಗಳಾದ ಡಾ. ರಾಜಾ ರಾಮಣ್ಣನವರು ನಮ್ಮ ತುಮಕೂರಿನಲ್ಲಿ ಹುಟ್ಟಿದವರು. ಕಾಳಿ ನದಿಯ ತೀರದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಕುಲುಮೆಗಳಿವೆ. 2006ರಲ್ಲಿ ಭಾರತ ತನ್ನ ಪರಮಾಣು ಸ್ಥಾವರಗಳನ್ನು ಎರಡಾಗಿ ವಿಂಗಡಿಸಿದಾಗ, ಅಂತರರಾಷ್ಟ್ರೀಯ ತನಿಖೆಗೆ ಒಪ್ಪಿಸುವವುಗಳ ಪಟ್ಟಿಯಲ್ಲಿ ಕೈಗಾವನ್ನು ಸೇರಿಸಲಿಲ್ಲ. ಇದರಿಂದ ಅಲ್ಲಿ ಶಸ್ತ್ರದ್ರವ್ಯ ತಯಾರಾಗುತ್ತಿದೆಯೆಂದು ಅರ್ಥಮಾಡಬಾರದು. ನಾನು ಹಾಗೆ ಹೇಳುತ್ತಲೂ ಇಲ್ಲ. ಒಂದು ಒಲೆಯಿಂದ ಎರಡು ಪದಾರ್ಥಗಳು ಬರಬಲ್ಲವೆಂಬ ಸಂಗತಿ ನಮ್ಮ ನಾಡಿಗೂ ಹೊರಗಿನದಲ್ಲವೆಂಬುದಷ್ಟೇ ನನ್ನ ಮಾತು.

ದೇಶಕ್ಕೆ ಬಾಂಬು ಬೇಕೆ ಬೇಡವೆ ಎಂಬುದು ಪ್ರಜೆಗಳು ತೀರ್ಮಾನಿಸಬೇಕಾದ ವಿಷಯ. ಪರಮಾಣು ವಿದ್ಯುತ್ತು ಬೇಕೆ ಬೇಡವೆ ಎಂಬುದೂ ಹಾಗೆಯೇ. ಆದರೆ ಒಂದರ ಖರ್ಚನ್ನು ಇನ್ನೊಂದರ ಲೆಕ್ಕದಲ್ಲಿ ಮುಚ್ಚಿಟ್ಟರೆ ಎರಡನ್ನೂ ಸರಿಯಾಗಿ ತೀರ್ಮಾನಿಸಲಾರೆವು. ಕುಲುಮೆಯನ್ನು ಕಟ್ಟುವ ಜಾಣ್ಮೆ ಲೋಕದಲ್ಲಿ ಅನೇಕರಿಗೆ ಬಂದಿದೆ. ಕಟ್ಟಿದ ಮೇಲೆ ಅದರ ಖಾತೆಯ ಪುಸ್ತಕವನ್ನು ತೆರೆದು ತೋರಿಸುವ ಧೈರ್ಯ ಬಂದದ್ದು ಕೆಲವರಿಗೆ ಮಾತ್ರ. ಅಂಥವರ ಸಾಲಿನಲ್ಲಿ ಹಿಂಟನ್ನರ ಹೆಸರು ಬಹುಕಾಲ ಉಳಿಯುವುದು.